ನಿರ್ಣಯಾಧಿಕಾರವೂ ರಕ್ಷಣಧರ್ಮವೂ

ಒಬ್ಬ ಮನುಷ್ಯನಿಗೆ ತನ್ನ ವಿಷಯದಲ್ಲಿ ತಾನೇ ನಿರ್ಣಯಿಸುವ ಶಕ್ತಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಮತ್ತೊಬ್ಬನು ನಿರ್ಣಯಿಸಬಹುದೆ? ಬಹುದೆಂದಾದರೆ ಯಾರು, ಯಾವ ಪ್ರಮಾಣದಿಂದ, ಎಷ್ಟರ ಮಟ್ಟಿಗೆ? ಮೇಲ್ನೋಟಕ್ಕೆ ಇದು ವಕೀಲರಿಗೂ ವೈದ್ಯರಿಗೂ ಸೇರಿದ ಪ್ರಶ್ನೆಯೆಂದು ತೋರಬಹುದು. ವಸ್ತುತಃ ಇದು ಇಂದಲ್ಲ ನಾಳೆ ಪ್ರತಿಯೊಂದು ಮನೆಯ ನಡುಮನೆಯಲ್ಲಿಯೂ ಏಳತಕ್ಕ ಪ್ರಶ್ನೆ. ಕಾನೂನಿನ ಪ್ರಶ್ನೆಯಾಗುವುದಕ್ಕೆ ಮೊದಲೇ ಅದು ಧರ್ಮದ ಪ್ರಶ್ನೆಯಾಗಿರುವುದರಿಂದ ಈ ಪುಟಗಳಲ್ಲಿ ಅದನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು.

ನಮ್ಮ ಭಾಗ್ಯನಗರದ ಕನ್ನಡ ಕುಟುಂಬಗಳ ಸ್ಥಿತಿಯನ್ನೇ ನೋಡೋಣ. ರಾಯಚೂರು, ಕಲಬುರ್ಗಿ, ಕೊಪ್ಪಳ, ಧಾರವಾಡ, ಉಡುಪಿಗಳಿಂದ ಉದ್ಯೋಗನಿಮಿತ್ತವಾಗಿ ಬಂದವರು ಕಾಚಿಗುಡ, ಬರ್ಕತ್‌ಪುರ, ಮಲ್ಕಾಜ್‌ಗಿರಿಗಳಲ್ಲಿ ನೆಲೆ ನಿಂತೆವು. ಊರಿನ ಹಿರಿಯರ ಮನೆಯಲ್ಲಿ ತಂದೆತಾಯಿಗಳು ಉಳಿದರು. ಅವರಿಗೆ ಕೈಲಾಗದ ಕಾಲ ಬಂದಾಗ ಇಲ್ಲಿಯ ಮೂರನೆಯ ಅಂತಸ್ತಿನ ಫ್ಲ್ಯಾಟಿಗೆ ಕರೆತಂದೆವು. ನಮ್ಮ ಮಕ್ಕಳು ಅಮೆರಿಕೆಗೋ ಆಸ್ಟ್ರೇಲಿಯಕ್ಕೋ ಹೋದರು. ಈಗ ನಾವೇ ಆ ಸ್ಥಾನದಲ್ಲಿ ಕುಳಿತಿದ್ದೇವೆ. ಊರಲ್ಲೊಂದು ಮನೆ, ಎರಡೆಕರೆ ಹೊಲ, ಬ್ಯಾಂಕಿನಲ್ಲಿ ಠೇವಣಿ, ತಿಂಗಳ ಪಿಂಚಣಿ: ಇಷ್ಟು ಇದ್ದರೆ ಸಾಕು, ಸಹಿ ಬೇಕಾಗುತ್ತದೆ. ಸಹಿ ಮಾಡಬೇಕಾದವರು ನಿನ್ನೆ ಹೇಳಿದ್ದನ್ನು ಇಂದು ಮರೆಯುತ್ತಿದ್ದಾರೆ. ಅರವತ್ತಕ್ಕೆ ಅರಳು ಮರಳು ಎಂದು ನಮ್ಮ ಗಾದೆ ನಕ್ಕು ಬಿಟ್ಟುಬಿಡುತ್ತದೆ. ಆದರೆ 2023ರಲ್ಲಿ ಪ್ರಕಟವಾದ ಒಂದು ಅಖಿಲ ಭಾರತ ಸಮೀಕ್ಷೆಯ ಪ್ರಕಾರ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯ ಎಂಬ ಬುದ್ಧಿಕ್ಷಯದ ರೋಗವಿದೆ. ಇದು ನಗುವ ಸಂಗತಿಯಲ್ಲ. ಅದೇ ಸಂಖ್ಯೆ ಇನ್ನೊಂದನ್ನೂ ಹೇಳುತ್ತದೆ: ಉಳಿದ ತೊಂಬತ್ತೆರಡಕ್ಕೂ ಮಿಕ್ಕ ಮಂದಿಗೆ ಆ ರೋಗವಿಲ್ಲ. ವಾರ್ಧಕ್ಯವೇ ಬುದ್ಧಿಭ್ರಮಣೆಯಲ್ಲ.

ಇಲ್ಲಿ ಎರಡು ಬಗೆಯ ಅಧರ್ಮ ಸಂಭವಿಸಬಲ್ಲುದು. ಶಕ್ತಿಯಿರುವವನನ್ನು ಅಶಕ್ತನೆಂದು ಸಾರಿ ಅವನ ನಿರ್ಣಯವನ್ನು ಕಸಿದುಕೊಳ್ಳುವುದು ಒಂದು. ನಿಜವಾಗಿ ಅಶಕ್ತನಾದವನನ್ನು "ಅವರ ಇಷ್ಟ, ನಾವೇನು ಮಾಡೋಣ" ಎಂದು ಕೈಬಿಟ್ಟು ವಂಚಕರ ಪಾಲಿಗೆ ಒಪ್ಪಿಸುವುದು ಇನ್ನೊಂದು. ಮೊದಲನೆಯದು ಚೌರ್ಯಕ್ಕೆ ಸಮೀಪ, ಎರಡನೆಯದು ಪರಿತ್ಯಾಗಕ್ಕೆ ಸಮೀಪ. ಇವೆರಡರ ನಡುವಿನ ದಾರಿ ಕಿರಿದಾದದ್ದು.

ಶಾಸ್ತ್ರಕಾರರ ದೃಷ್ಟಿ

ಈ ಸಮಸ್ಯೆ ಪಾಶ್ಚಾತ್ಯರಿಂದ ನಮಗೆ ಬಂದದ್ದೆಂದು ಭಾವಿಸಬೇಕಾಗಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಮತ್ತನು, ಉನ್ಮತ್ತನು, ಆರ್ತನು, ಪರಾಧೀನನು, ಬಾಲನು, ಅತಿವೃದ್ಧನು ಇವರು ಮಾಡಿದ ವ್ಯವಹಾರ ಸಿದ್ಧಿಸುವುದಿಲ್ಲವೆಂದು ಹೇಳಿದೆ. ಯಾಜ್ಞವಲ್ಕ್ಯರು ಈ ಪಟ್ಟಿಗೆ ವ್ಯಸನಿಯನ್ನೂ ಭಯಗ್ರಸ್ತನನ್ನೂ ಸೇರಿಸುತ್ತಾರೆ. ಈ ಪಟ್ಟಿಯ ಸ್ವಾರಸ್ಯವನ್ನು ಗಮನಿಸಬೇಕು. ಕುಡಿದವನು ಬೆಳಿಗ್ಗೆ ಎಚ್ಚರಗೊಳ್ಳುತ್ತಾನೆ, ಹೆದರಿದವನು ಭಯ ಹೋದ ಮೇಲೆ ಧೀರನಾಗುತ್ತಾನೆ, ಬಾಲನು ಬೆಳೆಯುತ್ತಾನೆ. ಹಾಗಾದರೆ ಸ್ಮೃತಿಕಾರರು ಇಲ್ಲಿ ಹೆಚ್ಚಾಗಿ ಹೇಳುತ್ತಿರುವುದು ಮನುಷ್ಯನ ಜಾತಕವನ್ನಲ್ಲ. ಆ ಕ್ಷಣದಲ್ಲಿ ಆ ಕಾರ್ಯಕ್ಕೆ ಅವನ ಚಿತ್ತ ಯೋಗ್ಯವಾಗಿತ್ತೆ ಎಂಬುದನ್ನು. ಕಾಲವೂ ಕಾರ್ಯವೂ ಈ ವಿಚಾರದ ಎರಡು ಅಂಗಗಳೆಂಬ ಸೂಕ್ಷ್ಮ ಅಲ್ಲಿಯೇ ಅಡಗಿದೆ.

ದಾಯವಿಭಾಗದಲ್ಲಿ ಮಾತ್ರ ಪ್ರಾಚೀನರು ಕಠಿನರು. ಜನ್ಮಾಂಧ, ಬಧಿರ, ಉನ್ಮತ್ತ, ಜಡ, ಮೂಕ ಇವರಿಗೆ ಪಾಲಿಲ್ಲ, ಅನ್ನವಸ್ತ್ರಗಳ ಪೋಷಣೆ ಮಾತ್ರ ಕರ್ತವ್ಯವೆಂದು ವಿಧಿಸಿದರು. ನಮ್ಮೀ ನಗರಕ್ಕೆ ದೂರವಲ್ಲದ, 1956ರವರೆಗೆ ಹೈದರಾಬಾದು ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರರು ಈ ವಿಧಿಯನ್ನು ಒಪ್ಪಿಕೊಂಡೂ ಎರಡು ಕಡೆ ಅದನ್ನು ಮೃದುಗೊಳಿಸಿದರು. ವಿಭಾಗದ ತರುವಾಯ ಔಷಧಾದಿಗಳಿಂದ ದೋಷ ನಿವೃತ್ತವಾದರೆ ಅವನಿಗೆ ಪಾಲು ಸಲ್ಲಬೇಕು. ನಿರ್ದೋಷಿಗಳಾದ ಅವನ ಮಕ್ಕಳಿಗೆ ಹಕ್ಕು ತಪ್ಪುವುದಿಲ್ಲ. ದೋಷವು ಮನುಷ್ಯನ ಸ್ವರೂಪವಲ್ಲ, ಬಂದು ಹೋಗಬಹುದಾದ ಉಪಾಧಿ ಎಂಬ ತಿಳಿವಳಿಕೆ ಇಲ್ಲಿದೆ. ಉಳಿದ ಕಾಠಿನ್ಯವನ್ನು 1928ರ ಶಾಸನ ಬಹುಮಟ್ಟಿಗೂ, 1956ರ ಹಿಂದೂ ಉತ್ತರಾಧಿಕಾರ ಶಾಸನ ಪೂರ್ತಿಯಾಗಿಯೂ ತೊಡೆದುಹಾಕಿದವು. ಇಂದು ಯಾವ ರೋಗವಾಗಲಿ ಅಂಗವೈಕಲ್ಯವಾಗಲಿ ಉತ್ತರಾಧಿಕಾರಕ್ಕೆ ಅಡ್ಡಿಯಲ್ಲ.

ಅದೇ ಮಿತಾಕ್ಷರೆ ಶಂಖವಚನವೊಂದನ್ನು ಉದಾಹರಿಸಿ, ತಂದೆಗೆ ಇಷ್ಟವಿಲ್ಲದಿದ್ದರೂ ಅವನು ವೃದ್ಧನೂ ವಿಪರೀತಚೇತಸ್ಕನೂ ರೋಗಿಯೂ ಆಗಿದ್ದಲ್ಲಿ ಮಕ್ಕಳು ವಿಭಾಗ ಮಾಡಿಕೊಳ್ಳಬಹುದೆಂದು ಹೇಳುತ್ತದೆ. ಈ 'ವಿಪರೀತ' ಶಬ್ದವೇ ನಮ್ಮ ಇಂದಿನ ಪ್ರಶ್ನೆಯ ಕೀಲು. ತಂದೆಯ ಚಿತ್ತ ವಿಪರೀತವಾಗಿದೆ ಎಂದು ಹೇಳುವವರು ಯಾರು? ಪಾಲು ಬಯಸುವ ಮಕ್ಕಳೇ!

ವಾಲ್ಮೀಕಿಗಳು ಈ ಅಪಾಯವನ್ನು ಕಂಡಿದ್ದರು. ಅಯೋಧ್ಯಾಕಾಂಡದಲ್ಲಿ ಲಕ್ಷ್ಮಣನು ಕೋಪದಿಂದ ದಶರಥನನ್ನು ವಿಪರೀತನೆಂದೂ ವೃದ್ಧನೆಂದೂ ವಿಷಯಪರವಶನೆಂದೂ ಕರೆಯುತ್ತಾನೆ. ಅಂಥವನ ಮಾತಿಗೆ ಬೆಲೆಯೇನು, ರಾಜ್ಯವನ್ನು ವಶಪಡಿಸಿಕೋ ಎಂದು ಅಣ್ಣನಿಗೆ ಹೇಳುತ್ತಾನೆ. ಅದೇ ಶಬ್ದ! ಲಕ್ಷ್ಮಣನ ಪ್ರೀತಿ ಸುಳ್ಳಲ್ಲ, ದಶರಥನ ನಿರ್ಣಯ ಸರಿಯೂ ಅಲ್ಲ. ಆದರೂ ಶ್ರೀರಾಮನು ಆ ವಾದವನ್ನು ಸ್ವೀಕರಿಸಲಿಲ್ಲ. ತಂದೆ ಹಿಂದೆ ಕೊಟ್ಟ ವಚನವನ್ನು ಬಲ್ಲವನು, ಅದರ ಫಲವನ್ನು ಬಲ್ಲವನು, ಬಲ್ಲದ್ದರಿಂದಲೇ ಮೂರ್ಛೆಹೋಗುವಷ್ಟು ದುಃಖಿಸಿದವನು. ಅಹಿತವಾದ ನಿರ್ಣಯ ಬೇರೆ, ಅಶಕ್ತನ ನಿರ್ಣಯ ಬೇರೆ. ಅದರಿಂದ ಲಾಭ ಹೊಂದತಕ್ಕವನು ತಾನೇ ಆಗಿದ್ದುದರಿಂದ, ತಂದೆಯ ಬುದ್ಧಿಯನ್ನು ಅಳೆಯುವ ತಕ್ಕಡಿಯನ್ನು ರಾಮನು ಕೈಗೆತ್ತಿಕೊಳ್ಳಲಿಲ್ಲವೆಂದು ಭಾವಿಸಿದರೆ ತಪ್ಪಾಗದು.

ಇದಕ್ಕೆ ಪ್ರತಿಯಾದ ಉದಾಹರಣೆ ಭಾರತದ ದ್ಯೂತಸಭೆ. ಅಲ್ಲಿ ವಿಕರ್ಣನು ಎದ್ದು ನಿಂತು, ವ್ಯಸನದಲ್ಲಿ ಮುಳುಗಿದವನು ಮಾಡಿದ ಕಾರ್ಯವನ್ನು ಲೋಕ ಕಾರ್ಯವೆಂದೇ ಗಣಿಸುವುದಿಲ್ಲ, ಜೂಜುಗಾರರ ಪ್ರಚೋದನೆಯಿಂದ ಧರ್ಮರಾಜನು ಒಡ್ಡಿದ ಪಣ ನಿಲ್ಲದೆಂದು ವಾದಿಸಿದನು. ಅವನ ವಾದ ಶುದ್ಧವಾದ ವ್ಯವಹಾರಶಾಸ್ತ್ರ. ಸಭೆಯಲ್ಲಿದ್ದ ಹಿರಿಯರು ಮೌನ ವಹಿಸಿದರು. ಆ ಮೌನದ ಫಲ ಕುರುಕ್ಷೇತ್ರ. ಎಲ್ಲಿ ಚಿತ್ತ ಸ್ವಸ್ಥವಲ್ಲವೋ ಅಲ್ಲಿ ಹೇಳದಿರುವುದೂ ಪಾಪ. ಎಲ್ಲಿ ಸ್ವಸ್ಥವೋ ಅಲ್ಲಿ ವಿಪರೀತವೆಂದು ಹೇಳುವುದೂ ಪಾಪ. ರಾಮಾಯಣ ಭಾರತಗಳು ಇವೆರಡನ್ನೂ ನಮ್ಮ ಮುಂದಿಟ್ಟಿವೆ.

ಇಂದಿನ ಕಾನೂನು

1872ರ ಕರಾರು ಶಾಸನದ ಹನ್ನೆರಡನೆಯ ಪ್ರಕರಣದ ಮೇರೆಗೆ, ಕರಾರು ಮಾಡುವ ಹೊತ್ತಿನಲ್ಲಿ ಅದನ್ನು ಅರಿತುಕೊಳ್ಳುವ ಮತ್ತು ತನ್ನ ಹಿತಾಹಿತಗಳ ಮೇಲೆ ಅದರ ಪರಿಣಾಮವೇನೆಂದು ಯುಕ್ತವಾಗಿ ಯೋಚಿಸುವ ಶಕ್ತಿಯುಳ್ಳವನು ಸ್ವಸ್ಥಚಿತ್ತನು. ಸಾಮಾನ್ಯವಾಗಿ ಅಸ್ವಸ್ಥನಾದವನೂ ನಡುವೆ ಸ್ವಸ್ಥನಾದಾಗ ಕರಾರು ಮಾಡಬಹುದು. ಸಾಮಾನ್ಯವಾಗಿ ಸ್ವಸ್ಥನಾದವನೂ ಜ್ವರದ ಸನ್ನಿಯಲ್ಲಿ ಮಾಡಲಾಗದು. 1925ರ ಉತ್ತರಾಧಿಕಾರ ಶಾಸನದ ಐವತ್ತೊಂಬತ್ತನೆಯ ಪ್ರಕರಣ ಉಯಿಲಿನ ವಿಷಯದಲ್ಲಿ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ 1870ರಷ್ಟು ಹಿಂದೆಯೇ ಬ್ಯಾಂಕ್ಸ್ ಎಂಬವನ ಉಯಿಲಿನ ವಿಚಾರ ನ್ಯಾಯಾಲಯಕ್ಕೆ ಬಂದಿತ್ತು. ದುಷ್ಟಶಕ್ತಿಗಳು ತನ್ನನ್ನು ಅಟ್ಟಿಸಿಕೊಂಡು ಬರುತ್ತಿವೆಯೆಂಬ ಭ್ರಮೆ ಅವನಿಗಿತ್ತು. ಆದರೂ ಜೊತೆಯಲ್ಲಿ ವಾಸಿಸುತ್ತಿದ್ದ ಸೋದರ ಸೊಸೆಗೆ ಆಸ್ತಿ ಬರೆದುದಕ್ಕೂ ಆ ಭ್ರಮೆಗೂ ಸಂಬಂಧವಿಲ್ಲವೆಂದು ನ್ಯಾಯಾಲಯ ಉಯಿಲನ್ನು ಎತ್ತಿಹಿಡಿಯಿತು. ಒಂದು ವಿಷಯದಲ್ಲಿ ಭ್ರಾಂತನಾದವನು ಇನ್ನೊಂದರಲ್ಲಿ ಪ್ರಾಜ್ಞನಾಗಿರಬಹುದು.

ಈ ತತ್ತ್ವ ರೈಲ್ವೆಯಲ್ಲಿ ಸೇವೆ ಸಲ್ಲಿಸಿದವರಿಗೆ ಹೊಸದಲ್ಲ. ಅಲ್ಲಿ ವೈದ್ಯಕೀಯ ಯೋಗ್ಯತೆಯನ್ನು ಎ-1ರಿಂದ ಸಿ-2ರವರೆಗೆ ವರ್ಗಗಳಾಗಿ ವಿಂಗಡಿಸಿದೆ. ಇಂಜಿನ್ ನಡೆಸುವವನಿಗೆ ಎ-1 ದೃಷ್ಟಿ ಬೇಕು. ಕಣ್ಣು ಮಂದವಾಗಿ ಆ ವರ್ಗದಿಂದ ಇಳಿದವನನ್ನು ಯಾವ ಅಧಿಕಾರಿಯೂ ಕುರುಡನೆಂದು ಕರೆದು ಮನೆಗೆ ಕಳುಹಿಸುವುದಿಲ್ಲ. ಅವನ ಕಣ್ಣಿಗೆ ತಕ್ಕ ಬೇರೆ ಕೆಲಸವನ್ನು ಹುಡುಕಿಕೊಡಬೇಕೆಂಬುದೇ ನಿಯಮ. ಪ್ರಶ್ನೆ 'ಇವನು ಯೋಗ್ಯನೋ' ಎಂಬುದಲ್ಲ, 'ಯಾವುದಕ್ಕೆ ಯೋಗ್ಯನು' ಎಂಬುದು. ಫ್ಲ್ಯಾಟಿನ ಮಾರಾಟಪತ್ರದ ಷರತ್ತುಗಳನ್ನು ತೂಗಲಾರದ ಅಜ್ಜಿ ತಾನು ಯಾರ ಮನೆಯಲ್ಲಿರಬೇಕು, ಏನುಣ್ಣಬೇಕು, ತನ್ನ ಬಳೆಗಳು ಯಾವ ಮೊಮ್ಮಗಳಿಗೆ ಹೋಗಬೇಕು ಎಂಬುದನ್ನು ನಿಸ್ಸಂದೇಹವಾಗಿ ಬಲ್ಲವಳಾಗಿರಬಹುದು.

2017ರ ಮಾನಸಿಕ ಆರೋಗ್ಯಪಾಲನೆ ಶಾಸನ ಚಿಕಿತ್ಸೆಯ ವಿಷಯದಲ್ಲಿ ಇದನ್ನು ಇನ್ನೂ ಸ್ಪಷ್ಟಪಡಿಸಿತು. ಮಾನಸಿಕ ರೋಗವಿದೆಯೆಂದ ಮಾತ್ರಕ್ಕೆ ನಿರ್ಣಯಶಕ್ತಿಯಿಲ್ಲವೆಂದು ಊಹಿಸಲಾಗದು. ಸಂಬಂಧಪಟ್ಟ ವಿಷಯವನ್ನು ತಿಳಿದುಕೊಳ್ಳುವುದು, ಪರಿಣಾಮವನ್ನು ಅರಿಯುವುದು, ತನ್ನ ನಿರ್ಣಯವನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸುವುದು ಇವೇ ಅದರ ಲಕ್ಷಣಗಳು. ಒಬ್ಬನ ನಿರ್ಣಯ ಇತರರಿಗೆ ತಪ್ಪಾಗಿ ತೋರಿತೆಂಬುದೊಂದೇ ಅವನ ಅಶಕ್ತಿಗೆ ಪ್ರಮಾಣವಾಗದೆಂದು ಶಾಸನ ಬಾಯಿಬಿಟ್ಟು ಹೇಳಿದೆ. ಶ್ರೀರಾಮನ ನಡೆಯನ್ನು ಬಲ್ಲವರಿಗೆ ಇದು ಪರಿಚಿತವಾದ ಮಾತೇ.

ಆದರೆ ಇದೇ ಶಾಸನ ಒಂದು ತೆರಪನ್ನೂ ಉಂಟುಮಾಡಿತು. ಅದು ರದ್ದುಗೊಳಿಸಿದ 1987ರ ಶಾಸನದಲ್ಲಿ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಕ್ರಮವಿತ್ತು. ಹೊಸದರಲ್ಲಿ ಆ ಅಧ್ಯಾಯವಿಲ್ಲ. ಹದಿನೆಂಟು ತುಂಬಿದ ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವೈಕಲ್ಯವುಳ್ಳವರಿಗೆ 1999ರ ನ್ಯಾಷನಲ್ ಟ್ರಸ್ಟ್ ಶಾಸನದಂತೆ ಜಿಲ್ಲೆಯ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಮಗನಿಗೆ ಹದಿನೆಂಟು ತುಂಬಿದೊಡನೆ ತಂದೆತಾಯಿಗಳ ಸಹಜ ಪಾಲಕತ್ವ ಮುಗಿಯುತ್ತದೆಂಬುದನ್ನು ಅಂಥ ಮಕ್ಕಳಿರುವ ಎಷ್ಟೋ ಕುಟುಂಬಗಳು ತಿಳಿದಿಲ್ಲ. ಈ ವಿಷಯದಲ್ಲಿ ಮಾರ್ಗದರ್ಶನ ಕೊಡಬಲ್ಲ ರಾಷ್ಟ್ರೀಯ ಸಂಸ್ಥೆ 1984ರಿಂದ ನಮ್ಮ ಸಿಕಂದರಾಬಾದಿನ ಮನೋವಿಕಾಸನಗರದಲ್ಲಿಯೇ ಇದೆ. ಆದರೆ ವಾರ್ಧಕ್ಯದ ಬುದ್ಧಿಕ್ಷಯಕ್ಕಾಗಲಿ ಪ್ರಜ್ಞಾಹೀನಸ್ಥಿತಿಗಾಗಲಿ ಆ ಶಾಸನ ಅನ್ವಯಿಸುವುದಿಲ್ಲ. 2016ರ ವಿಕಲಾಂಗರ ಹಕ್ಕುಗಳ ಶಾಸನ 'ಸೀಮಿತ ಪಾಲಕತ್ವ'ವನ್ನು ಹೇಳುತ್ತದೆ: ನಿರ್ದಿಷ್ಟ ನಿರ್ಣಯಕ್ಕೆ, ನಿರ್ದಿಷ್ಟ ಕಾಲಕ್ಕೆ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ, ಇಬ್ಬರೂ ಕೂಡಿ ನಿರ್ಣಯಿಸತಕ್ಕದ್ದು. ಯಾವ ಶಾಸನವೂ ನೇರವಾಗಿ ಒದಗದಿದ್ದಾಗ ಕುಟುಂಬದವರು ಉಚ್ಚ ನ್ಯಾಯಾಲಯದ ಮೊರೆಹೋಗಬೇಕಾಗುತ್ತದೆ. ಪ್ರಜ್ಞೆಯಿಲ್ಲದೆ ಮಲಗಿದವರಿಗೆ ಪಾಲಕರನ್ನು ನೇಮಿಸುವ ಬಗೆಗೆ ಕೇರಳದ ಉಚ್ಚ ನ್ಯಾಯಾಲಯ 2019ರಲ್ಲಿ ಕ್ರಮವೊಂದನ್ನು ರೂಪಿಸಿತು. ವೈದ್ಯಮಂಡಲಿಯ ಪರೀಕ್ಷೆ, ಕಂದಾಯ ಅಧಿಕಾರಿಗಳ ವಿಚಾರಣೆ, ಪಾಲಕನು ನಿಯತಕಾಲದಲ್ಲಿ ಲೆಕ್ಕ ಒಪ್ಪಿಸುವುದು ಇವು ಅದರ ಅಂಗಗಳು.

ಪರೀಕ್ಷೆಯ ಸೂಕ್ಷ್ಮಗಳು

ವೈದ್ಯರಲ್ಲಿ ಬಹುಪ್ರಚಾರದಲ್ಲಿರುವ ಬುದ್ಧಿಪರೀಕ್ಷೆ 1975ರಲ್ಲಿ ಅಮೆರಿಕೆಯಲ್ಲಿ ರಚಿತವಾದದ್ದು. ಅದಕ್ಕೆ ಮೂವತ್ತು ಅಂಕಗಳು. ಇಂದು ಯಾವ ತಾರೀಖು, ನೂರರಿಂದ ಏಳನ್ನು ಕಳೆಯುತ್ತ ಹೋಗಿ, ಈ ಮೂರು ಶಬ್ದಗಳನ್ನು ನೆನಪಿಟ್ಟುಕೊಳ್ಳಿ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ರೋಗದ ಸುಳಿವನ್ನು ಹಿಡಿಯಲು ಅದು ಉಪಯುಕ್ತ. ಆದರೆ ಅಂಕವೇ ನಿರ್ಣಯಶಕ್ತಿಯಲ್ಲ. ಶಾಲೆಯ ಮೆಟ್ಟಿಲು ಹತ್ತದವರಿಗೆ ಅದು ಅನ್ಯಾಯ ಮಾಡುತ್ತದೆಂದು ಕಂಡುಕೊಂಡೇ ನಮ್ಮ ದೇಶದ ಸಂಶೋಧಕರು ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಅದನ್ನು ಹಿಂದಿಯಲ್ಲಿ ಮಾರ್ಪಡಿಸಿ 1995ರಲ್ಲಿ ಪ್ರಕಟಿಸಿದರು.

ನಮ್ಮ ಮನೆಗಳಲ್ಲಿ ನಡೆಯಬಹುದಾದದ್ದನ್ನು ಊಹಿಸಿಕೊಳ್ಳಿ. ಎಂಬತ್ತೆರಡರ ಅಜ್ಜಿಯನ್ನು ಮಗನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ತರುಣ ವೈದ್ಯನು ತೆಲುಗಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ, ಇಂದು ಎಷ್ಟನೆಯ ತಾರೀಖೆಂದು ಕೇಳುತ್ತಾನೆ. ಅಜ್ಜಿಗೆ ಗೊತ್ತಿಲ್ಲ. "ಇವತ್ತು ದಶಮಿ, ನಾಳೆ ಏಕಾದಶಿ, ನಾಡಿದ್ದು ಹರಿವಾಸರ ಇಲ್ಲ, ಬೆಳಿಗ್ಗೆ ಬೇಗ ಪಾರಣೆ" ಎನ್ನುತ್ತಾಳೆ. ಪರೀಕ್ಷೆಯ ಕಾಗದದಲ್ಲಿ ಸೊನ್ನೆ ಬೀಳುತ್ತದೆ. ಆದರೆ ತಾರೀಖು ಬಲ್ಲ ನಮ್ಮಲ್ಲಿ ಎಷ್ಟು ಮಂದಿ ಪಂಚಾಂಗ ನೋಡದೆ ಅಷ್ಟು ಹೇಳಿಯೇವು? ಕಾಲದ ಅರಿವು ಅವಳಿಗೆ ಪೂರ್ಣವಾಗಿದೆ. ಕೇಳಿದವನ ಕಾಲಗಣನೆ ಮಾತ್ರ ಬೇರೆ.

ಭಾಷೆಯ ವಿಷಯವಂತೂ ಈ ನಗರಕ್ಕೆ ವಿಶೇಷವಾದದ್ದು. ಹೈದರಾಬಾದಿನ ನಿಜಾಮ್ಸ್ ವೈದ್ಯಸಂಸ್ಥೆಯಲ್ಲಿ 648 ಡಿಮೆನ್ಷಿಯ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಡಾ. ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ ಪ್ರಕಟಿಸಿದ ಪ್ರಬಂಧ ಲೋಕಪ್ರಸಿದ್ಧವಾಯಿತು. ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವವರಲ್ಲಿ ರೋಗ ಕಾಣಿಸಿಕೊಳ್ಳುವುದು ಸುಮಾರು ನಾಲ್ಕೂವರೆ ವರ್ಷ ತಡವೆಂದು ಅವರು ಕಂಡರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಆಡುವ ನಮಗೆ ಇದು ಸಂತೋಷದ ವಾರ್ತೆ. ಆದರೆ ರೋಗ ಬಂದ ಮೇಲೆ ಅನೇಕರಲ್ಲಿ ಕಡೆಗೆ ಉಳಿಯುವುದು ಮೊದಲು ಕಲಿತ ಮಾತು. ಕನ್ನಡದಲ್ಲಿ ಯೋಚಿಸುವವರನ್ನು ಕನ್ನಡದಲ್ಲಿಯೇ ಪರೀಕ್ಷಿಸಬೇಕು. ವೈದ್ಯರಿಗೆ ಕನ್ನಡ ಬಾರದಿದ್ದರೆ ಆಸ್ತಿಯಲ್ಲಿ ಆಸೆಯಿಲ್ಲದ ಮೂರನೆಯವರು ದುಭಾಷಿಯಾಗಬೇಕು. ಮಗನೇ ದುಭಾಷಿಯಾದರೆ ಉತ್ತರ ಯಾರದೆಂದು ಹೇಳುವುದು ಕಷ್ಟ.

ಇನ್ನು ಮರೆವೆಲ್ಲವೂ ಮರಳದ ರೋಗವಲ್ಲ. ಥೈರಾಯ್ಡಿನ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿತ, ಮೂತ್ರದ ಸೋಂಕು, ಮನೋವ್ಯಥೆ, ಕೆಲವು ನಿದ್ರೆಯ ಮಾತ್ರೆಗಳು ಇವು ಬುದ್ಧಿಯನ್ನು ಮಸುಕುಗೊಳಿಸಬಲ್ಲವು. ಚಿಕಿತ್ಸೆಯಿಂದ ಬಹಳಷ್ಟು ತಿಳಿಯಾಗಲೂಬಲ್ಲುದು. ಶುದ್ಧ ಶಾಕಾಹಾರಿಗಳಲ್ಲಿ ಬಿ-12 ಜೀವಸತ್ತ್ವದ ಕೊರತೆ ಸಾಮಾನ್ಯವಾದ್ದರಿಂದ ನಮ್ಮವರು ಅದನ್ನು ತಪ್ಪದೆ ನೋಡಿಸಿಕೊಳ್ಳಬೇಕು. ಕಿವಿ ಕೇಳದವರನ್ನು ಬುದ್ಧಿಯಿಲ್ಲದವರೆಂದು ಬಗೆಯುವುದಂತೂ ನಿತ್ಯದ ಪ್ರಮಾದ. ಆಸ್ಪತ್ರೆಯ ಹಾಸಿಗೆಯಲ್ಲಿ, ಶಸ್ತ್ರಚಿಕಿತ್ಸೆಯ ಮರುದಿನ, ಸಂಜೆಗತ್ತಲಿನ ಗೊಂದಲದ ಹೊತ್ತಿನಲ್ಲಿ ಅಥವಾ ನಿರ್ಜಲ ಏಕಾದಶಿಯ ಸಾಯಂಕಾಲ ಒಬ್ಬರ ಬುದ್ಧಿಯನ್ನು ಅಳೆಯುವುದು ಅಳೆಯುವವರ ಬುದ್ಧಿಯನ್ನೇ ಶಂಕಿಸುವಂತೆ ಮಾಡುತ್ತದೆ. ಬೆಳಗಿನ ಹೊತ್ತು, ಕನ್ನಡಕ ಮತ್ತು ಶ್ರವಣಯಂತ್ರಗಳೊಡನೆ, ಲಾಭ ಪಡೆಯುವವರು ಎದುರಿಗಿಲ್ಲದಾಗ, ಹೌದು ಅಲ್ಲ ಎನಿಸುವ ಪ್ರಶ್ನೆಗಳಿಂದಲ್ಲದೆ "ನೀವು ಏನು ಮಾಡುತ್ತಿದ್ದೀರಿ, ಏಕೆ, ಮಾಡದಿದ್ದರೆ ಏನಾಗುತ್ತದೆ" ಎಂದು ಅವರ ಬಾಯಿಂದಲೇ ಹೇಳಿಸುವುದು ಸರಿಯಾದ ಕ್ರಮ.

ಪಕ್ಷಪಾತದ ಪ್ರಶ್ನೆ

ಈಗ ಅಂತರಂಗವನ್ನು ಕಲಕುವ ಭಾಗಕ್ಕೆ ಬರೋಣ. ಹಿರಿಯರ ಬುದ್ಧಿಶಕ್ತಿಯ ಬಗೆಗೆ ನಮಗೆ ಸಂದೇಹ ಹುಟ್ಟುವುದು ಯಾವಾಗ? ಬಹುತೇಕ ಅವರು ಒಲ್ಲೆನೆಂದಾಗ. ಊರಿನ ಮನೆ ಮಾರಲು ತಾಯಿ ಒಪ್ಪದಿದ್ದರೆ "ಅವರಿಗೆ ಏನೂ ತಿಳಿಯುವುದಿಲ್ಲ" ಎನ್ನುತ್ತೇವೆ. ಅದೇ ತಾಯಿ ತೋರಿಸಿದ ಕಡೆ ಸಹಿ ಹಾಕಿದರೆ ಅವಳ ಬುದ್ಧಿಯ ವಿಚಾರ ಯಾರೂ ಎತ್ತುವುದಿಲ್ಲ. ಆದರೆ ವಿವೇಚಿಸಿದರೆ, ಮರೆವು ಕವಿದವರಲ್ಲಿ ಹೆಚ್ಚಿನ ಅಪಾಯವಿರುವುದು ಒಪ್ಪಿಗೆಯಲ್ಲಿಯೇ. ನಿರಾಕರಣೆಗೆ ಕೊಂಚವಾದರೂ ಸ್ವಂತ ಇಚ್ಛೆ ಬೇಕು. ತಲೆಯಾಡಿಸುವುದಕ್ಕೆ ಅದೂ ಬೇಡ. ಆದಕಾರಣ ಪರೀಕ್ಷೆ ಧರ್ಮ್ಯವಾಗಬೇಕಾದರೆ ನಮಗೆ ಅನುಕೂಲವಾದ ಸಹಿಯನ್ನೂ ಪ್ರತಿಕೂಲವಾದ ನಿರಾಕರಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಒಲ್ಲೆನೆಂದಾಗ ವೈದ್ಯರನ್ನು ಕರೆಸುವವನು ಒಪ್ಪಿದಾಗಲೂ ಕರೆಸುವನೆ? ಇದಕ್ಕೆ ಪ್ರಾಮಾಣಿಕವಾಗಿ ಹೌದೆನ್ನಬಲ್ಲವನ ಸಂದೇಹ ಮಾತ್ರ ಶುದ್ಧವಾದದ್ದು.

ನಮ್ಮ ಮೈಸೂರು ಸೀಮೆಯ ಮೊಕದ್ದಮೆಯೊಂದು ಭಾರತದ ಎಲ್ಲ ನ್ಯಾಯಾಲಯಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಎಂಬ ಆ ವ್ಯವಹಾರದಲ್ಲಿ ಲಕ್ಷ್ಮಮ್ಮ ಎಂಬವರ ಉಯಿಲಿನ ಸಾಧುತ್ವ ಪ್ರಶ್ನೆಯಾಗಿತ್ತು. 1958ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಉಯಿಲನ್ನು ಅಂಗೀಕರಿಸಲಿಲ್ಲ. ಬರೆದವರ ಚಿತ್ತ ದುರ್ಬಲವಾಗಿದ್ದರೆ, ವಿನಿಯೋಗ ಅಸಹಜವಾಗಿದ್ದರೆ, ಉಯಿಲನ್ನು ಮುಂದಿಡುವವನೇ ಅದರ ರಚನೆಯಲ್ಲಿ ಮುಂದಾಗಿದ್ದು ಹೆಚ್ಚಿನ ಲಾಭ ಪಡೆಯುತ್ತಿದ್ದರೆ ಅವು ಶಂಕಾಸ್ಪದ ಸನ್ನಿವೇಶಗಳು. ಅವನ್ನು ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ತೃಪ್ತಿ ತರುವ ಹೊಣೆ ಅವನದೇ ಎಂದು ವಿಧಿಸಿತು. ಲಾಭ ಪಡೆಯುವವನು ಲಾಭ ಕೊಡುವವನ ಬುದ್ಧಿಗೆ ಸಾಕ್ಷಿಯಾಗಲಾರನು.

ಈ ನಿಯಮ ಮಕ್ಕಳಿಗೆ ಮಾತ್ರವೆ? ಅಲ್ಲ. ವೃದ್ಧರೊಬ್ಬರು ತಮ್ಮ ಠೇವಣಿಯನ್ನೋ ನಿವೇಶನವನ್ನೋ ಮಠಕ್ಕೆ, ಅನ್ನದಾನಕ್ಕೆ, ವಿದ್ಯಾಪೀಠಕ್ಕೆ ಅರ್ಪಿಸಲು ಬಯಸುತ್ತಾರೆ. ಮಕ್ಕಳು "ತಲೆ ಕೆಟ್ಟಿದೆ" ಎನ್ನುತ್ತಾರೆ. ಜೀವನವಿಡೀ ದೇವರಲ್ಲಿ ಶ್ರದ್ಧೆಯಿಟ್ಟವರು ಕಡೆಗಾಲದಲ್ಲಿ ದಾನ ಮಾಡಬಯಸುವುದು ಅವರ ಸ್ವಭಾವಕ್ಕೆ ಅನುಗುಣವೇ ಹೊರತು ಭ್ರಮೆಯ ಲಕ್ಷಣವಲ್ಲ. ಅಲ್ಲಿ ಮಕ್ಕಳ ಮಾತು ನಿಲ್ಲದು. ಆದರೆ ಅಷ್ಟೇ ದೃಢವಾಗಿ ಇನ್ನೊಂದನ್ನೂ ಹೇಳಬೇಕು. ದಾನ ಸ್ವೀಕರಿಸುವ ಸಂಸ್ಥೆ, ಅದು ಎಷ್ಟೇ ಪವಿತ್ರವಾಗಿರಲಿ, ಆ ಗಳಿಗೆಯಲ್ಲಿ ಲಾಭ ಪಡೆಯುವ ಪಕ್ಷವೇ. ದಾತನಿಗೆ ತಾನು ಕೊಡುತ್ತಿರುವುದೇನೆಂದು ತಿಳಿದಿದೆಯೆ, ಕೊಟ್ಟ ಮೇಲೆ ತನಗೂ ಹೆಂಡತಿಗೂ ಔಷಧಕ್ಕೆ ಉಳಿಯುವುದೆಷ್ಟೆಂದು ಬಲ್ಲನೆ, ನಿನ್ನೆ ಹೇಳಿದ್ದನ್ನೇ ಇಂದೂ ಹೇಳುತ್ತಾನೆಯೆ ಎಂದು ವಿಚಾರಿಸದೆ ರಸೀತಿ ಹರಿಯುವುದು ಸತ್ಪರಿಗ್ರಹವಲ್ಲ. ಅರಿಯದೆ ಕೊಟ್ಟದ್ದು ದಾನವಲ್ಲ. ಅದು ಕೈತಪ್ಪಿ ಬಿದ್ದದ್ದು. ಕೈತಪ್ಪಿ ಬಿದ್ದದ್ದನ್ನು ಒಡೆಯನಿಗೆ ಹಿಂದಿರುಗಿಸುವುದೇ ಧರ್ಮ.

ಪಾಲಕನ ಧರ್ಮ

ಪರೀಕ್ಷೆ ನ್ಯಾಯವಾಗಿ ನಡೆದು, ಶಕ್ತಿ ಉಳಿದಿಲ್ಲವೆಂದು ಖಚಿತವಾಯಿತೆನ್ನೋಣ. ಆಗ ಪಾಲಕನು ಪಡೆಯುವುದೇನು? ಒಡೆತನವಲ್ಲ, ನಿಕ್ಷೇಪ. ಅನ್ಯರು ನಂಬಿ ಇಟ್ಟ ವಸ್ತುವನ್ನು ಕಾಯುವವನಿಗೆ ಸ್ಮೃತಿಗಳು ವಿಧಿಸುವ ಕಟ್ಟುಪಾಡುಗಳೆಲ್ಲ ಇವನಿಗೂ ಅನ್ವಯಿಸುತ್ತವೆ. ಇಟ್ಟವನು ಕೇಳಲಾರನೆಂಬ ಕಾರಣದಿಂದ ಲೆಕ್ಕ ಇನ್ನಷ್ಟು ಶುದ್ಧವಾಗಿರಬೇಕು. ಪಿಂಚಣಿ ಬಂದದ್ದು, ವೆಚ್ಚವಾದದ್ದು ಇವನ್ನು ಪುಸ್ತಕದಲ್ಲಿ ಬರೆದು ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ತೋರಿಸುವುದರಲ್ಲಿ ಸಂಕೋಚವೇಕೆ? ಎಷ್ಟೋ ಮನೆಗಳು ಒಡೆಯುವುದು ಆಸ್ತಿಯಿಂದಲ್ಲ, ತೋರಿಸದ ಲೆಕ್ಕದಿಂದ.

ಪಾಲಕನು ನಿರ್ಣಯಿಸಬೇಕಾದದ್ದು ತನಗೆ ಯಾವುದು ಸರಿ ತೋರುತ್ತದೆಂಬುದನ್ನಲ್ಲ. ಅವರ ಚಿತ್ತ ಸ್ವಸ್ಥವಾಗಿದ್ದಾಗ ಅವರೇ ಏನು ಬಯಸುತ್ತಿದ್ದರೆಂಬುದನ್ನು. ಮಡಿಯಲ್ಲಿ ಬದುಕಿದ ತಾಯಿಗೆ ಮರೆವು ಬಂತೆಂದು ಈರುಳ್ಳಿ ಬೆಳ್ಳುಳ್ಳಿಯ ಊಟವಿಕ್ಕುವುದು, "ಈಗ ಅವರಿಗೆಲ್ಲಿ ತಿಳಿಯುತ್ತದೆ" ಎನ್ನುವುದು ಸಣ್ಣ ವಿಷಯವೆಂದು ತೋರಬಹುದು. ಅವರ ಇಚ್ಛೆಯನ್ನು ಅವರು ಕಾಪಾಡಿಕೊಳ್ಳಲಾರದಾಗ ನಾವು ಕಾಪಾಡಲೆಂದೇ ಅಲ್ಲವೆ ನಾವು ಪಾಲಕರಾದದ್ದು?

ಇಲ್ಲಿ ನಮ್ಮ ಸಿದ್ಧಾಂತದ ಒಂದು ಪ್ರಮೇಯ ಸ್ಮರಣೀಯವಾಗಿದೆ. ಮನಸ್ಸು ಇಂದ್ರಿಯಗಳಲ್ಲೊಂದು, ಕಣ್ಣಿಗೆ ಪೊರೆ ಬರುವಂತೆ ಅದಕ್ಕೂ ದೋಷ ಬರಬಹುದು. ಆದರೆ ಸಾಕ್ಷಿಯೆಂಬುದು ಜೀವನ ಸ್ವರೂಪವೇ ಆದ ಇಂದ್ರಿಯ. ಸುಖದುಃಖಗಳನ್ನು ನೇರವಾಗಿ ಅರಿಯುವುದು ಅದೇ. ಹೆಸರು ಮರೆತವರು ಪ್ರೀತಿಯನ್ನು ಮರೆಯುವುದಿಲ್ಲ. ಮಗನ ಗುರುತು ಹಿಡಿಯಲಾರದ ತಂದೆ ಗದರಿಕೆಗೆ ನೋಯುತ್ತಾನೆ, ಹಿತವಾದ ಸ್ಪರ್ಶಕ್ಕೆ ಮುಖವರಳಿಸುತ್ತಾನೆ. ವಾದಿಸುವ ಶಕ್ತಿ ಹೋದ ಮೇಲೂ ಬೇಕು ಬೇಡಗಳು ಉಳಿದಿರುತ್ತವೆ. ಮನಸ್ಸಿನ ದೋಷವನ್ನು ಜೀವನ ಅಭಾವವೆಂದು ಬಗೆದು ಅವರೆದುರಿಗೇ ಅವರ ವಿಷಯವನ್ನು ಅವರಿಲ್ಲವೋ ಎಂಬಂತೆ ಮಾತನಾಡುವುದು ಶಾಸ್ತ್ರಕ್ಕೂ ಸೌಜನ್ಯಕ್ಕೂ ವಿರುದ್ಧ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿ 2007ರಲ್ಲಿ ಭಾರತ ಒಪ್ಪಿದ ವಿಕಲಾಂಗರ ಹಕ್ಕುಗಳ ಒಡಂಬಡಿಕೆಯೂ ವ್ಯಕ್ತಿಯ ಇಚ್ಛೆಯನ್ನೂ ಒಲವನ್ನೂ ಗೌರವಿಸಬೇಕೆನ್ನುತ್ತದೆ.

ಮುಂಜಾಗ್ರತೆಯ ಕೆಲವು ಮಾತುಗಳು

ಈ ಸಂಕಟಗಳಲ್ಲಿ ಬಹುಭಾಗ ಬುದ್ಧಿ ನೆಟ್ಟಗಿರುವಾಗಲೇ ಪರಿಹಾರ್ಯವಾದದ್ದು. ಅನೇಕರು ಮಗನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ನಿಶ್ಚಿಂತರಾಗಿದ್ದಾರೆ. ಇಂಗ್ಲೆಂಡಿನಲ್ಲಿ ಬುದ್ಧಿ ಹೋದ ಮೇಲೂ ನಿಲ್ಲುವ ಅಧಿಕಾರಪತ್ರಕ್ಕೆ ಕಾನೂನಿನಲ್ಲಿ ಸ್ಥಾನವಿದೆ. ನಮ್ಮಲ್ಲಿ ಹಾಗಿಲ್ಲ. ಕರಾರು ಶಾಸನದ 201ನೆಯ ಪ್ರಕರಣದಂತೆ, ಕೊಟ್ಟವನು ಅಸ್ವಸ್ಥಚಿತ್ತನಾದೊಡನೆ ಪ್ರತಿನಿಧಿಯ ಅಧಿಕಾರವೂ ಅಂತ್ಯವಾಗುತ್ತದೆ. ಯಾವಾಗ ಕೊಡೆ ಬೇಕೋ ಆಗಲೇ ಅದು ಮುಚ್ಚಿಕೊಳ್ಳುತ್ತದೆ!

ಆದ್ದರಿಂದ ಉಯಿಲನ್ನು ಆರೋಗ್ಯವಿರುವಾಗಲೇ, ತಿಳಿಯುವ ಭಾಷೆಯಲ್ಲಿ, ಏನೂ ಪಡೆಯದ ಇಬ್ಬರು ಸಾಕ್ಷಿಗಳೆದುರು ಮಾಡಬೇಕು. ವಯಸ್ಸು ಹೆಚ್ಚಿದ್ದರೆ ಅದೇ ದಿನದ ವೈದ್ಯರ ಪ್ರಮಾಣಪತ್ರವಿರುವುದು ಕ್ಷೇಮ. ನೋಂದಣಿ ಕಡ್ಡಾಯವಲ್ಲ, ಮಾಡಿಸುವುದಾದರೆ, ಅಶಕ್ತರಿಗಾಗಿ ಅಧಿಕಾರಿ ಮನೆಗೇ ಬರುವ ಅವಕಾಶವೂ ಕಾನೂನಿನಲ್ಲಿದೆ. ಬ್ಯಾಂಕಿನ ಖಾತೆಗೆ ದಂಪತಿಗಳಿಬ್ಬರ ಹೆಸರನ್ನೂ ಸೇರಿಸಿ, ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದೆಂದು ಬರೆಯಿಸಿಡಬೇಕು. ಜೀವಿತಕಾಲದಲ್ಲಿಯೇ ಮನೆಯನ್ನು ಮಕ್ಕಳಿಗೆ ಬರೆದುಕೊಡುವುದಾದರೆ ತಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಸೇರಿಸಬೇಕು. ಷರತ್ತು ಮುರಿದರೆ ಆ ಪತ್ರವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಶಾಸನದ 23ನೆಯ ಪ್ರಕರಣ ನೆರವಾಗುತ್ತದೆ. ಮಾನಸಿಕ ಚಿಕಿತ್ಸೆಯ ಬಗೆಗೆ 2017ರ ಶಾಸನದಂತೆ ಮುಂಗಡ ನಿರ್ದೇಶವನ್ನು ಬರೆದು ಪ್ರತಿನಿಧಿಯನ್ನು ಹೆಸರಿಸಬಹುದು. ಅಂತ್ಯಕಾಲದ ಯಂತ್ರಚಿಕಿತ್ಸೆಯ ಬಗೆಗೂ ಇಚ್ಛೆಯನ್ನು ಬರೆದಿಡಲು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅನುಮತಿಸಿ, 2023ರಲ್ಲಿ ಕ್ರಮವನ್ನು ಸರಳಗೊಳಿಸಿದೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಮಾತು. ಹಬ್ಬಕ್ಕೆ ಮಕ್ಕಳೆಲ್ಲ ಸೇರಿದಾಗ "ನನಗೆ ಮರೆವು ಬಂದರೆ ಹೀಗೆ ಮಾಡಿ, ಹೀಗೆ ಮಾಡಬೇಡಿ" ಎಂದು ಹಿರಿಯರು ಬಾಯಿಬಿಟ್ಟು ಹೇಳಬೇಕು. ಅಮಂಗಳವೆಂದು ಮಕ್ಕಳು ತಡೆಯಬಾರದು. ಕೇಳಿಸಿಕೊಂಡ ಮಗನು ಮುಂದೆ ಒಂದು ದಿನ ಬ್ಯಾಂಕಿನಲ್ಲಿಯೋ ಆಸ್ಪತ್ರೆಯಲ್ಲಿಯೋ ತಂದೆಯ ಪರವಾಗಿ ನಿರ್ಣಯಿಸಬೇಕಾಗಿ ಬಂದಾಗ, ಅವನು ಆಡುವುದು ತನ್ನ ಮಾತಾಗಿರುವುದಿಲ್ಲ, ತಂದೆಯದೇ ಆಗಿರುತ್ತದೆ. ಪಾಲಕತ್ವಕ್ಕೆ ಇದಕ್ಕಿಂತ ಭದ್ರವಾದ ಆಧಾರವನ್ನು ಯಾವ ನ್ಯಾಯಾಲಯವೂ ಕೊಡಲಾರದು.

ಶ್ರೀಕೃಷ್ಣಾರ್ಪಣಮಸ್ತು.